ನ್ಯಾಯಪೀಠ ಎಲ್ಲಿ ಕುಳಿತುಕೊಳ್ಳಬೇಕು?

ಈ ವರ್ಷದ ಚರ್ಚಾಸ್ಪರ್ಧೆಗೆ ನಮ್ಮ ಕಾಲೇಜಿನಲ್ಲಿ ಇಟ್ಟಿದ್ದ ವಿಷಯ ಇದು: "ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯವು ಅಪರಾಧ ನಡೆದ ಸದಸ್ಯ ರಾಷ್ಟ್ರದಲ್ಲಿಯೇ ವಿಚಾರಣೆ ನಡೆಸತಕ್ಕದ್ದು." ಸೂಚನಾ ಫಲಕದ ಮುಂದೆ ನಿಂತು ಇದನ್ನು ಓದಿದ ಗೆಳೆಯನೊಬ್ಬ, "ಅವರು ಎಲ್ಲಾದರೂ ನಡೆಸಿಕೊಳ್ಳಲಿ, ನಮ್ಮ ಮಾರಿಕುಪ್ಪಂ ಗಾಡಿ ಹೊತ್ತಿಗೆ ಸರಿಯಾಗಿ ಬಂದರೆ ಸಾಕು" ಎಂದ. ಸುತ್ತ ನಿಂತವರೆಲ್ಲ ನಕ್ಕರು, ನಾನೂ ನಕ್ಕೆ. ಆದರೆ ಆ ಸಂಜೆ ಬಂಗಾರಪೇಟೆಯಿಂದ ಕೋರಮಂಡಲಿಗೆ ಹಿಂದಿರುಗುವ ಗಾಡಿಯಲ್ಲಿ ಕುಳಿತಾಗ, ಗೆಳೆಯನ ಹಾಸ್ಯದಲ್ಲಿಯೇ ವಿಷಯದ ತಿರುಳು ಇದೆಯಲ್ಲಾ ಎಂದು ಹೊಳೆಯಿತು. ಪ್ರಶ್ನೆ ಇರುವುದು ಪ್ರಯಾಣದ್ದೇ. ನ್ಯಾಯ ಬೇಕಾದವನು ನ್ಯಾಯಾಧೀಶನ ಬಳಿಗೆ ಹೋಗಬೇಕೆ, ನ್ಯಾಯಾಧೀಶನು ಅವನ ಬಳಿಗೆ ಬರಬೇಕೆ?

ಸ್ಪರ್ಧೆಯಲ್ಲಿ ನಾನು ವಿಷಯದ ಪರವಾಗಿ ಮಾತನಾಡಿದೆ. ಮುಖ್ಯವಾದ ಮಾತಿಗೆ ಬರುವಷ್ಟರಲ್ಲಿ ಗಂಟೆ ಬಾರಿಸಿಬಿಟ್ಟರು. ಬಹುಮಾನ ವಿರೋಧವಾಗಿ ಮಾತನಾಡಿದ ಸೋದರಿಗೆ ಹೋಯಿತು, ಹೋಗಬೇಕಾದದ್ದೇ ಆಗಿತ್ತು. ಅವರು ಎತ್ತಿದ ಎರಡು ಆಕ್ಷೇಪಗಳಿಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಸಂಪಾದಕ ಮಂಡಲಿಯವರು ಇಲ್ಲಿ ಸ್ಥಳ ಕೊಟ್ಟಿರುವುದರಿಂದ, ಗಂಟೆಯ ಭಯವಿಲ್ಲದೆ, ಅಂದು ಹೇಳಲಾರದೆ ಹೋದುದನ್ನು ಹೇಳಲು ಯತ್ನಿಸುತ್ತೇನೆ.

ಮೊದಲು ಆ ನ್ಯಾಯಾಲಯದ ಕಿರುಪರಿಚಯ. 1998ರ ಜುಲೈ 17ರಂದು ರೋಮ್ ನಗರದಲ್ಲಿ ಕೂಡಿದ್ದ ರಾಷ್ಟ್ರಗಳ ಸಮ್ಮೇಳನವು 120 ಮತಗಳಿಂದ ಒಂದು ಒಡಂಬಡಿಕೆಯನ್ನು ಅಂಗೀಕರಿಸಿತು. 7 ರಾಷ್ಟ್ರಗಳು ವಿರೋಧಿಸಿದವು. 21 ರಾಷ್ಟ್ರಗಳು ತಟಸ್ಥವಾಗಿ ಉಳಿದವು. ಆ ತಟಸ್ಥರ ಸಾಲಿನಲ್ಲಿ ನಮ್ಮ ಭಾರತವೂ ಇತ್ತು. ಇಂದಿಗೂ ನಾವು ಅದರ ಸದಸ್ಯರಲ್ಲ. ಭದ್ರತಾ ಮಂಡಲಿಗೆ ಈ ನ್ಯಾಯಾಲಯದ ಕೆಲಸದಲ್ಲಿ ಕೈಯಾಡಿಸುವ ಅಧಿಕಾರ ಕೊಟ್ಟದ್ದು, ಅಣ್ವಸ್ತ್ರ ಪ್ರಯೋಗವನ್ನು ಅಪರಾಧಗಳ ಪಟ್ಟಿಗೆ ಸೇರಿಸದೆ ಬಿಟ್ಟದ್ದು ಮುಂತಾದ ಕಾರಣಗಳನ್ನು ನಮ್ಮ ಸರ್ಕಾರ ಮುಂದಿಟ್ಟಿತು. ಒಡಂಬಡಿಕೆ 2002ರ ಜುಲೈ 1ರಿಂದ ಜಾರಿಗೆ ಬಂದಿತು. ನರಮೇಧ, ಮಾನವಕುಲದ ವಿರುದ್ಧದ ಅಪರಾಧ, ಯುದ್ಧಾಪರಾಧ, ಆಕ್ರಮಣ, ಇವುಗಳನ್ನು ಎಸಗಿದವರನ್ನು ಸ್ವದೇಶದ ನ್ಯಾಯಾಲಯಗಳು ವಿಚಾರಿಸಲಾರದೆ ಹೋದಾಗ ಅಥವಾ ವಿಚಾರಿಸಲೊಲ್ಲದೆ ಹೋದಾಗ ಈ ನ್ಯಾಯಾಲಯ ಕೈಗೆತ್ತಿಕೊಳ್ಳುತ್ತದೆ. ನೂರ ಇಪ್ಪತ್ತಕ್ಕೂ ಹೆಚ್ಚು ರಾಷ್ಟ್ರಗಳು ಅದರ ಸದಸ್ಯರಾಗಿವೆ.

ಅದರ ಪೀಠ ನೆದರ್ಲೆಂಡ್ಸ್ ದೇಶದ ಹೇಗ್ ನಗರದಲ್ಲಿದೆ. ಆದರೆ ಒಡಂಬಡಿಕೆಯ 3ನೆಯ ವಿಧಿಯಲ್ಲಿಯೇ, ನ್ಯಾಯಾಲಯಕ್ಕೆ ಅಪೇಕ್ಷಣೀಯವೆಂದು ಕಂಡಾಗ ಅದು ಬೇರೆ ಸ್ಥಳದಲ್ಲಿಯೂ ಕುಳಿತುಕೊಳ್ಳಬಹುದೆಂದು ಬರೆದಿದೆ. ಇದು ನಮಗೆ ಅಪರಿಚಿತವಾದ ಮಾತೇನೂ ಅಲ್ಲ. ನಮ್ಮ ಸಂವಿಧಾನದ 130ನೆಯ ಅನುಚ್ಛೇದವನ್ನು ತೆರೆದು ನೋಡಿ. ಸುಪ್ರೀಂ ಕೋರ್ಟು ದಿಲ್ಲಿಯಲ್ಲಿ ಕುಳಿತುಕೊಳ್ಳತಕ್ಕದ್ದು, ಇಲ್ಲವೇ ರಾಷ್ಟ್ರಪತಿಗಳ ಒಪ್ಪಿಗೆ ಪಡೆದು ಮುಖ್ಯ ನ್ಯಾಯಮೂರ್ತಿಗಳು ಗೊತ್ತುಮಾಡಿದ ಬೇರೆ ಸ್ಥಳಗಳಲ್ಲಿ ಕುಳಿತುಕೊಳ್ಳತಕ್ಕದ್ದು ಎಂದು ಅಲ್ಲಿಯೂ ಇದೆ. ದಕ್ಷಿಣ ಭಾರತಕ್ಕೆ ಒಂದು ಪೀಠ ಬೇಕೆಂಬ ಬೇಡಿಕೆ ಎಷ್ಟು ಹಳೆಯದೆಂಬುದನ್ನು ರಾಜ್ಯಶಾಸ್ತ್ರದ ವಿದ್ಯಾರ್ಥಿಗಳಿಗೆ ಹೇಳಬೇಕಾಗಿಲ್ಲ. ಎರಡು ಕಡೆಯೂ ಬಾಗಿಲು ಇದೆ, ಅಗಳಿ ತೆಗೆಯುವವರಿಲ್ಲ.

ಹೇಗ್ ನ್ಯಾಯಾಲಯ ಹೊರಡಲು ಯೋಚಿಸಲೇ ಇಲ್ಲವೆಂದಲ್ಲ. 2013ರ ಜೂನ್ ತಿಂಗಳಲ್ಲಿ ಕೆನ್ಯಾ ದೇಶದ ಅಂದಿನ ಉಪಾಧ್ಯಕ್ಷ ವಿಲಿಯಂ ರೂಟೋ ಮತ್ತು ಇನ್ನೊಬ್ಬರ ಮೊಕದ್ದಮೆಯ ಆರಂಭವನ್ನು ಕೆನ್ಯಾದಲ್ಲಿ, ಆಗದಿದ್ದರೆ ನೆರೆಯ ಟಾಂಜಾನಿಯಾದಲ್ಲಿ, ನಡೆಸುವುದು ಒಳ್ಳೆಯದೆಂದು ವಿಚಾರಣಾ ಪೀಠ ಶಿಫಾರಸು ಮಾಡಿತು. ಜುಲೈ ತಿಂಗಳಲ್ಲಿ ಎಲ್ಲ ನ್ಯಾಯಾಧೀಶರೂ ಕೂಡಿದ ಸಭೆಯಲ್ಲಿ ಅದಕ್ಕೆ ಸಾಕಷ್ಟು ಬೆಂಬಲ ದೊರೆಯಲಿಲ್ಲ. 2015ರಲ್ಲಿ ಕಾಂಗೋ ದೇಶದ ಬಾಸ್ಕೋ ನ್ಟಗಾಂಡನ ಮೊಕದ್ದಮೆಯ ಪ್ರಾರಂಭದ ಭಾಷಣಗಳನ್ನಾದರೂ ಆ ದೇಶದ ಬುನಿಯಾ ಪಟ್ಟಣದಲ್ಲಿ ಕೇಳೋಣವೆಂದು ಪೀಠ ಸೂಚಿಸಿತು. ನ್ಯಾಯಾಲಯದ ಅಧ್ಯಕ್ಷ ಮಂಡಲಿ ಒಪ್ಪಲಿಲ್ಲ. ಅದೇ ವರ್ಷ ಉಗಾಂಡಾದ ಡೊಮಿನಿಕ್ ಓಂಗ್ವೆನ್ನನ ಮೊಕದ್ದಮೆಯಲ್ಲಿ ಆಪಾದನೆಗಳನ್ನು ಸ್ಥಿರಪಡಿಸುವ ವಿಚಾರಣೆಯನ್ನು ಉಗಾಂಡಾದಲ್ಲಿ ನಡೆಸಬೇಕೆಂದು ಸಲಹೆ ಬಂದಿತು. ಅದಕ್ಕೂ ಒಪ್ಪಿಗೆ ಸಿಕ್ಕಲಿಲ್ಲ. ಭದ್ರತೆ, ಖರ್ಚು, ಸಾಕ್ಷಿಗಳ ಕ್ಷೇಮ ಎಂಬ ಕಾರಣಗಳೇ ಹೆಚ್ಚುಕಡಿಮೆ ಪ್ರತಿ ಸಲವೂ ಕೇಳಿಬಂದವು. ಮೂರು ಸಲ ಗಂಟು ಕಟ್ಟಿಕೊಂಡು ಮೂರು ಸಲವೂ ಹೊಸ್ತಿಲಿನಿಂದಲೇ ಹಿಂದಿರುಗಿದಂತಾಯಿತು.

ಓಂಗ್ವೆನ್ನನ ಸಂಗತಿಯನ್ನು ತುಸು ವಿಸ್ತಾರವಾಗಿ ಹೇಳಬೇಕು. ಈತ ಸುಮಾರು ಒಂಬತ್ತು ವರ್ಷದ ಹುಡುಗನಾಗಿದ್ದಾಗ ಶಾಲೆಗೆ ಹೋಗುವ ದಾರಿಯಲ್ಲಿ ಬಂಡುಕೋರರ ಸೈನ್ಯ ಇವನನ್ನು ಹೊತ್ತುಕೊಂಡು ಹೋಯಿತು. ಬೆಳೆದು ಅದೇ ಸೈನ್ಯದ ದಳಪತಿಯಾದ. ಪಜುಲೆ, ಓಡೆಕ್, ಲುಕೋಡಿ, ಅಬೋಕ್ ಎಂಬ ನಾಲ್ಕು ನಿರಾಶ್ರಿತರ ಶಿಬಿರಗಳ ಮೇಲೆ ನಡೆದ ದಾಳಿಗಳಿಗೂ, ಹೆಣ್ಣುಮಕ್ಕಳ ಮೇಲೆ ಎಸಗಿದ ಘೋರ ಕೃತ್ಯಗಳಿಗೂ ಇವನು ಹೊಣೆಯೆಂದು 2021ರ ಫೆಬ್ರವರಿ 4ರಂದು ಹೇಗ್ ನ್ಯಾಯಾಲಯ 61 ಆಪಾದನೆಗಳಲ್ಲಿ ತೀರ್ಪಿತ್ತಿತು. 25 ವರ್ಷಗಳ ಸೆರೆವಾಸ ವಿಧಿಸಿತು. ನೊಂದವರೆಂದು ಈ ಮೊಕದ್ದಮೆಯಲ್ಲಿ ಹೆಸರು ಬರೆಸಿ ಭಾಗವಹಿಸಿದವರು ನಾಲ್ಕು ಸಾವಿರಕ್ಕೂ ಹೆಚ್ಚು ಮಂದಿ. 2024ರ ಪರಿಹಾರದ ಆಜ್ಞೆಯಲ್ಲಿ ಪರಿಹಾರಕ್ಕೆ ಅರ್ಹರೆಂದು ನ್ಯಾಯಾಲಯ ಅಂದಾಜು ಮಾಡಿದವರ ಸಂಖ್ಯೆ ಐವತ್ತು ಸಾವಿರದ ಹತ್ತಿರ. ಇವರು ಸಾಗುವಳಿಯ ಜನ. ಮಾತು ಅಚೋಲಿ, ಲಾಂಗೋ. ತಮ್ಮ ಮಕ್ಕಳನ್ನು ಕೊಂದವನು ಕಟಕಟೆಯಲ್ಲಿ ನಿಂತಾಗ ಅವನ ಮುಖ ನೋಡುವ ಭಾಗ್ಯ ಅವರಲ್ಲಿ ಎಷ್ಟು ಜನರಿಗೆ ದೊರೆತೀತು? ಹಳ್ಳಿಗಳಲ್ಲಿ ಪರದೆ ಕಟ್ಟಿ, ಹೇಗ್‌ನಲ್ಲಿ ನಡೆಯುವುದನ್ನು ತೋರಿಸುವ ಏರ್ಪಾಡು ಮಾಡಿದ್ದರು. ಒಳ್ಳೆಯ ಕೆಲಸವೇ. ಆದರೆ ಮದುವೆಮನೆಯ ಊಟವನ್ನು ಪರದೆಯ ಮೇಲೆ ತೋರಿಸಿದರೆ ಹೊಟ್ಟೆ ತುಂಬೀತೆ?

ಇದನ್ನೆಲ್ಲ ಓದುವಾಗ ನನ್ನ ಕಣ್ಣ ಮುಂದೆ ಬಂದವರು ನನ್ನ ತಾತ. ಅವರು ಚಾಂಪಿಯನ್ ರೀಫ್ ಗಣಿಯಲ್ಲಿ, ಮೂರು ಕಿಲೋಮೀಟರಿಗೂ ಮಿಕ್ಕ ಆಳವಿದ್ದ ಆ ಕಗ್ಗತ್ತಲಿನಲ್ಲಿ, ದುಡಿದವರು. ಬಂಡೆ ಸಿಡಿಯುವ ಸದ್ದು ಕೇಳಿ ಹೆದರದಿದ್ದ ಮನುಷ್ಯ. ಅವರು ಬದುಕಿನಲ್ಲಿ ಹೆದರಿದ್ದು ಒಂದೇ ಒಂದು ಕಡೆ, ಸಾಕ್ಷಿಯ ಕಟಕಟೆಯಲ್ಲಿ.

ಬಹಳ ವರ್ಷಗಳ ಹಿಂದಿನ ಮಾತು. ಗಣಿಯ ಮಣ್ಣಿನ ಗುಡ್ಡ, ನಾವೆಲ್ಲ ಸೈನೈಡ್ ಗುಡ್ಡವೆಂದು ಕರೆಯುವುದು, ಅದರ ಬುಡದಲ್ಲಿ ಒಂದು ರಸ್ತೆಯ ತಿರುವು. ಅಲ್ಲಿ ಸೈಕಲ್ಲಿನಲ್ಲಿ ಬರುತ್ತಿದ್ದವನೊಬ್ಬನಿಗೆ ಲಾರಿ ಬಡಿದು ಅವನು ಸ್ಥಳದಲ್ಲಿಯೇ ಸತ್ತ. ಎರಡನೆಯ ಪಾಳಿ ಮುಗಿಸಿ ಲೈನಿನ ಕಡೆಗೆ ನಡೆದು ಬರುತ್ತಿದ್ದ ತಾತ ಕಣ್ಣಾರೆ ಕಂಡರು. ಸತ್ತವನ ಹೆಂಡತಿ ಬೇರೆ ಊರಿನವಳು. ಪರಿಹಾರದ ದಾವೆಯನ್ನು ತನ್ನ ಊರಿನಲ್ಲಿಯೇ ಹೂಡಿದಳು. ಕಾನೂನು ಅವಳಿಗೆ ಆ ಅವಕಾಶ ಕೊಡುತ್ತದೆ, ಕೊಡಬೇಕಾದದ್ದೇ. ಆದರೆ ಹಾಗಾಗಿ ತಾತ ಅಲ್ಲಿಗೆ ಹೋಗಬೇಕಾಯಿತು. ಆ ಊರನ್ನು ನಾನಿಲ್ಲಿ ಹೆಸರಿಸುವುದಿಲ್ಲ. ಕಟ್ಟುಬುತ್ತಿ ಕಟ್ಟಿಕೊಂಡು ಅವರು ಹೋದದ್ದು ಏಳು ಸಲ. ಆರು ಸಲ ವಾಯಿದೆ ಹಾಕಿ ಕಳುಹಿಸಿದರು. ಒಂದೊಂದು ಸಲಕ್ಕೂ ಒಂದು ದಿನದ ಕೂಲಿ ಹೋಯಿತು. ಏಳನೆಯ ಸಲ ಕಟಕಟೆ ಹತ್ತಿದಾಗ ತಾತ ತಮಿಳಿನಲ್ಲಿ ಹೇಳಿದರು, ಗುಮಾಸ್ತರೊಬ್ಬರು ಕನ್ನಡಕ್ಕೆ ತಿರುಗಿಸಿದರು, ಬರೆದುಕೊಂಡದ್ದು ಇಂಗ್ಲಿಷಿನಲ್ಲಿ. ತಾತ ಹತ್ತು ಮಾತು ಹೇಳಿದರೆ ಕಾಗದಕ್ಕೆ ಇಳಿದದ್ದು ಒಂದು ಸಾಲು. ಲಾರಿಯ ಕಡೆಯ ವಕೀಲರು ಪಾಟೀಸವಾಲಿನಲ್ಲಿ ಒಂದೇ ಅಂಶವನ್ನು ಹಿಡಿದುಕೊಂಡರು: ನೀವು ನಿಂತಿದ್ದ ಜಾಗಕ್ಕೂ ತಿರುವಿಗೂ ನಡುವೆ ಗುಡ್ಡವಿರುವಾಗ ನಿಮಗೆ ಕಂಡದ್ದು ಹೇಗೆ? ಗುಡ್ಡ ಅಲ್ಲಿ ತಗ್ಗಾಗಿದೆ, ದೀಪದ ಕಂಬ ಇದೆ, ನಮ್ಮ ಲೈನಿನ ಸಣ್ಣ ಹುಡುಗನನ್ನು ಕೇಳಿದರೂ ಹೇಳುತ್ತಾನೆ. ಆದರೆ ಆ ಕೊಠಡಿಯಲ್ಲಿದ್ದವರಲ್ಲಿ ಆ ತಿರುವನ್ನು ಕಂಡವರು ತಾತನೊಬ್ಬರೇ. ಸ್ಥಳ ಪರಿಶೀಲನೆ ಮಾಡಲು ಕಾನೂನಿನಲ್ಲಿ ಅವಕಾಶವುಂಟು, ಯಾರೂ ಬರಲಿಲ್ಲ. ಸೈಕಲ್ ಸವಾರನದೂ ಅರ್ಧ ತಪ್ಪೆಂದು ತೀರ್ಮಾನವಾಗಿ, ಆ ಹೆಂಗಸಿಗೆ ಪರಿಹಾರವೂ ಅರ್ಧವಾಯಿತು. "ನನಗೆ ಮಾತು ಬಂದಿದ್ದರೆ ಅವಳಿಗೆ ಪೂರ್ತಿ ಸಿಕ್ಕುತ್ತಿತ್ತು" ಎಂದು ತಾತ ಇಂದಿಗೂ ತಮ್ಮನ್ನೇ ಹಳಿದುಕೊಳ್ಳುತ್ತಾರೆ.

ಆದ್ದರಿಂದ ಹೇಗ್ ನ್ಯಾಯಾಧೀಶರು 2012ರ ಜನವರಿಯಲ್ಲಿ ಕಾಂಗೋ ದೇಶದ ಬೊಗೋರೋ ಎಂಬ ಹಳ್ಳಿಗೆ ಸ್ವತಃ ಹೋಗಿದ್ದರೆಂದು ಓದಿದಾಗ ನನಗೆ ಅವರ ಮೇಲೆ ಗೌರವ ಹುಟ್ಟಿತು. 2003ರ ಫೆಬ್ರವರಿ 24ರಂದು ದಾಳಿಗೆ ತುತ್ತಾದ ಹಳ್ಳಿ ಅದು. ಊರಿಂದ ಊರಿಗೆ ದೂರವೆಷ್ಟು, ನೆಲದ ಏರಿಳಿತವೇನು, ಎಲ್ಲಿ ನಿಂತರೆ ಏನು ಕಾಣುತ್ತದೆ ಎಂಬುದನ್ನು ಕಣ್ಣಿನಿಂದ ನೋಡಿದರು. ಓಂಗ್ವೆನ್ನನ ಮೊಕದ್ದಮೆಯ ನ್ಯಾಯಾಧೀಶರೂ 2018ರಲ್ಲಿ ಉತ್ತರ ಉಗಾಂಡಾಕ್ಕೆ ಹೋಗಿಬಂದರು. ನೋಡಲು ಹೋಗಬಹುದಾದವರು ಕೇಳಲು ಕುಳಿತುಕೊಳ್ಳಬಾರದೇಕೆ? ಕುರ್ಚಿ ಹಾಕಿ ನಾಲ್ಕು ದಿನ ಕುಳಿತುಕೊಳ್ಳಲು ಇನ್ನೆಷ್ಟು ದೂರ ಉಳಿದಿತ್ತು?

ದೂರದಲ್ಲಿ ಕುಳಿತವರು ನಮ್ಮ ಹಣೆಬರಹ ಬರೆಯುವುದು ಕೋಲಾರದ ಚಿನ್ನದ ಗಣಿಗಳ ಮಕ್ಕಳಾದ ನಮಗೆ ಗೊತ್ತಿಲ್ಲದ್ದಲ್ಲ. 1880ರಿಂದ 1956ರವರೆಗೆ ಗಣಿಗಳ ಯಜಮಾನಿಕೆ ಲಂಡನ್ನಿನ ಜಾನ್ ಟೇಲರ್ ಕಂಪನಿಯವರದಾಗಿತ್ತು. ಆಮೇಲೆ ಮೈಸೂರು ಸರ್ಕಾರ, 1962ರಿಂದ ಕೇಂದ್ರ ಸರ್ಕಾರ, 1972ರಿಂದ ಭಾರತ್ ಗೋಲ್ಡ್ ಮೈನ್ಸ್. ಗಣಿಯನ್ನು ಮುಚ್ಚಬೇಕೆಂಬ ಅಭಿಪ್ರಾಯವನ್ನು 2000ದಲ್ಲಿ ಕೊಟ್ಟ ಮಂಡಲಿ ಕುಳಿತದ್ದು ದಿಲ್ಲಿಯಲ್ಲಿ. 2001ರ ಫೆಬ್ರವರಿ 28ಕ್ಕೆ ಗಣಿ ನಿಂತಿತು. ಆ ಮಂಡಲಿ ಊರ್‌ಗಾಂ ಸ್ಟೇಷನ್ನಿನ ಹತ್ತಿರ ಒಂದು ವಾರ ಕುಳಿತಿದ್ದರೆ ತೀರ್ಮಾನ ಬದಲಾಗುತ್ತಿತ್ತೆಂದು ನಾನು ವಾದಿಸುವುದಿಲ್ಲ. ಅದಿರಿನ ಲೆಕ್ಕ ಕಣ್ಣೀರಿನಿಂದ ಬದಲಾಗುವುದಿಲ್ಲ. ಆದರೆ ಆಗ ಅವರು ಸಾವಿರಾರು ಸಂಸಾರಗಳ ಮುಖ ನೋಡಿ ಆ ಮಾತು ಹೇಳಬೇಕಾಗುತ್ತಿತ್ತು.

ಇನ್ನೂ ಹಿಂದಕ್ಕೆ ಹೋದರೆ ವಿಚಿತ್ರವಾದ ಸಂಗತಿಯೊಂದು ಸಿಕ್ಕುತ್ತದೆ. 1881ರಲ್ಲಿ ಮೈಸೂರು ರಾಜ್ಯವನ್ನು ಒಡೆಯರಿಗೆ ಹಿಂದಿರುಗಿಸುವಾಗ ಬ್ರಿಟಿಷರು ಬರೆದ ಪತ್ರದಲ್ಲಿ, ಯುರೋಪಿಯನ್ ಬ್ರಿಟಿಷ್ ಪ್ರಜೆಗಳ ಮೇಲಿನ ನ್ಯಾಯಾಧಿಕಾರವನ್ನು ಗವರ್ನರ್ ಜನರಲರೇ ಉಳಿಸಿಕೊಂಡರು. ಅದರಲ್ಲಿ ಎಷ್ಟನ್ನು ವಹಿಸಿಕೊಟ್ಟರೋ ಅಷ್ಟು ಮಾತ್ರ ಮಹಾರಾಜರಿಗೆ. ಅಂದರೆ ಒಂದೇ ಗಣಿಗೆ ಒಂದೇ ತೊಟ್ಟಿಲಲ್ಲಿ ಇಳಿಯುತ್ತಿದ್ದ ಕೂಲಿಗೂ ಸಾಹೇಬನಿಗೂ ನ್ಯಾಯದ ಯಜಮಾನ ಒಬ್ಬನಲ್ಲ. ಹೊರಗಿನ ನ್ಯಾಯಾಲಯವೆಂದರೆ ನಮ್ಮ ಹಿರಿಯರು ಏಕೆ ಸಂಶಯಪಡುತ್ತಿದ್ದರೆಂಬುದು ಇದರಿಂದ ತಿಳಿಯುತ್ತದೆ. ಆಫ್ರಿಕದ ಜನ ಹೇಗ್ ನ್ಯಾಯಾಲಯವನ್ನು ಬಿಳಿಯರ ನ್ಯಾಯಾಲಯವೆಂದು ಜರೆದಾಗ ಅದರಲ್ಲಿ ರಾಜಕಾರಣಿಗಳ ಸ್ವಾರ್ಥ ಎಷ್ಟಿದ್ದರೂ, ಜನ ಆ ಮಾತಿಗೆ ಕಿವಿಗೊಟ್ಟದ್ದಕ್ಕೆ ಇಂಥ ನೆನಪುಗಳೂ ಕಾರಣವಾಗಿರಬೇಕು. ತಮ್ಮ ಊರಿನಲ್ಲಿ, ತಮ್ಮ ಭಾಷೆಯಲ್ಲಿ, ತಮ್ಮ ಕಣ್ಣೆದುರಿಗೆ ನಡೆಯುವ ವಿಚಾರಣೆಯನ್ನು ಪರಕೀಯವೆಂದು ನಂಬಿಸುವುದು ಅಷ್ಟು ಸುಲಭವಲ್ಲ.

ಇನ್ನು ಸೋದರಿಯ ಮೊದಲನೆಯ ಆಕ್ಷೇಪ. ನ್ಯಾಯಾಲಯ ಹತ್ತಿರ ಬಂದರೆ ಸಾಕ್ಷಿಗಳ ಗತಿಯೇನು? ಅವರು ಕೊಟ್ಟ ಉದಾಹರಣೆ ಕಂಬಾಲಪಲ್ಲಿ. ಇದನ್ನು ಕೇಳಿ ನಾನು ಅಂದು ತಲೆ ತಗ್ಗಿಸಿದೆ. ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿ ಆಗ ನಮ್ಮ ಕೋಲಾರ ಜಿಲ್ಲೆಯದೇ ಊರು. 2000ದ ಮಾರ್ಚ್ 11ರ ರಾತ್ರಿ ಅಲ್ಲಿ ಏಳು ಮಂದಿ ದಲಿತರನ್ನು ಸುಟ್ಟು ಕೊಂದರು. ವಿಚಾರಣೆ ನಡೆದದ್ದು ಹೇಗ್‌ನಲ್ಲಿ ಅಲ್ಲ, ದಿಲ್ಲಿಯಲ್ಲಿಯೂ ಅಲ್ಲ, ಜಿಲ್ಲೆಯ ಒಳಗೇ. ಒಬ್ಬರ ಹಿಂದೆ ಒಬ್ಬರು ಸಾಕ್ಷಿಗಳು ತಿರುಗಿ ಬಿದ್ದರು. 2006ರಲ್ಲಿ ಆಪಾದಿತರೆಲ್ಲ ಬಿಡುಗಡೆಯಾದರು. 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಏಳು ಜನ ಸತ್ತರು, ಕೊಂದವರು ಯಾರೂ ಇಲ್ಲ. ನ್ಯಾಯಪೀಠ ಹತ್ತಿರವಿತ್ತು. ಆದರೆ ಸಾಕ್ಷಿ ಹೇಳಬೇಕಾದವನಿಗೆ ಅದಕ್ಕಿಂತ ಹತ್ತಿರವಾಗಿ, ಅದೇ ಬೀದಿಯಲ್ಲಿ, ಅದೇ ಬಾವಿಯ ಬಳಿ, ಆಪಾದಿತರ ಮನೆಯವರು ಇದ್ದರು.

ಈ ಆಕ್ಷೇಪವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಇದರ ಜೊತೆಗೆ ಕೆನ್ಯಾದ ಮೊಕದ್ದಮೆಯನ್ನೂ ಇಟ್ಟು ನೋಡಬೇಕೆಂದು ಕೇಳಿಕೊಳ್ಳುತ್ತೇನೆ. 2007ರ ಕೊನೆಯಲ್ಲಿ ಅಲ್ಲಿ ಚುನಾವಣೆಯ ತರುವಾಯ ನಡೆದ ದಂಗೆಯಲ್ಲಿ ಸಾವಿರಕ್ಕೂ ಹೆಚ್ಚು ಮಂದಿ ಸತ್ತರು. ವಿಚಾರಣೆಯನ್ನು ಸ್ವದೇಶದಲ್ಲಿ ಅಥವಾ ಸಮೀಪದಲ್ಲಿ ನಡೆಸಬೇಕೆಂದು ಕೇಳಿದವರು ಸ್ವತಃ ಆಪಾದಿತರು. ದೇಶವಾಳುವವನೇ ಆಪಾದಿತನಾದಾಗ ಇದು ಸೋಜಿಗವೇನಲ್ಲ. ನ್ಯಾಯಾಲಯ ಒಪ್ಪದೆ, 2013ರ ಸೆಪ್ಟೆಂಬರಿನಿಂದ ಹೇಗ್‌ನಲ್ಲಿಯೇ ವಿಚಾರಣೆ ನಡೆಸಿತು. ಸಾವಿರಾರು ಮೈಲಿ ದೂರ, ಸಮುದ್ರದಾಚೆ. ಸಾಕ್ಷಿಗಳು ಉಳಿದರೇ? ಉಳಿಯಲಿಲ್ಲ. ಒಬ್ಬರಾದ ಮೇಲೊಬ್ಬರು ಹೇಳಿಕೆ ಹಿಂತೆಗೆದುಕೊಂಡರು. ಸಾಕ್ಷಿಗಳ ಮೇಲೆ ಒತ್ತಡ ನಡೆದದ್ದನ್ನು ನ್ಯಾಯಾಧೀಶರೇ ಎತ್ತಿ ಆಡಿದರು. 2016ರ ಏಪ್ರಿಲ್ 5ರಂದು ಮೊಕದ್ದಮೆ ಕುಸಿದುಬಿದ್ದಿತು. ರೂಟೋ ಈಗ ಕೆನ್ಯಾದ ಅಧ್ಯಕ್ಷರು.

ಕಂಬಾಲಪಲ್ಲಿಯಲ್ಲಿ ಸಾಮೀಪ್ಯ ಸಾಕ್ಷಿಯನ್ನು ಕಾಯಲಿಲ್ಲ. ಕೆನ್ಯಾದಲ್ಲಿ ದೂರ ಕಾಯಲಿಲ್ಲ. ನ್ಯಾಯಾಧೀಶರು ಎಲ್ಲಿ ಕುಳಿತರೂ ಸಾಕ್ಷಿಯ ಹೆಂಡತಿ ಮಕ್ಕಳು, ಹೊಲ, ದನ ಇರುವುದು ಊರಿನಲ್ಲಿಯೇ. ಬೆದರಿಸುವವನು ಹೋಗುವುದು ಅಲ್ಲಿಗೇ. ಕಾಯುವ ಕೆಲಸವೇ ಬೇರೆ, ಅದಕ್ಕೆ ಬೇಕಾದ ಪೊಲೀಸು, ಹಣ, ಗುಟ್ಟು, ಬೇಕಾದರೆ ಬೇರೆ ಊರಿನಲ್ಲಿ ವಸತಿ, ಇವೇ ಬೇರೆ. ನಮ್ಮ ದೇಶದಲ್ಲಿ ಸುಪ್ರೀಂ ಕೋರ್ಟು ಸಾಕ್ಷಿ ರಕ್ಷಣಾ ಯೋಜನೆಗೆ ಒಪ್ಪಿಗೆಯ ಮುದ್ರೆ ಒತ್ತಿದ್ದು 2018ರಲ್ಲಿ, ಕಂಬಾಲಪಲ್ಲಿಯ ಬೆಂಕಿ ಆರಿ 18 ವರ್ಷಗಳ ಮೇಲೆ. ಸಾಕ್ಷಿಗಳನ್ನು ಕಾಯಲಾರೆವೆಂಬುದನ್ನು ಊರಿಗೆ ಬರಲಾರೆವೆಂಬುದಕ್ಕೆ ನೆಪ ಮಾಡಿಕೊಂಡರೆ ಎರಡು ಕೆಲಸವೂ ಕೆಡುತ್ತದೆ.

ಕೆಲವು ಸಲ ದೂರ ಹೋಗಲೇಬೇಕಾಗುವುದೆಂದೂ ಒಪ್ಪುತ್ತೇನೆ. ತಮಿಳುನಾಡಿನ ಮುಖ್ಯಮಂತ್ರಿಯಾಗಿದ್ದ ಜಯಲಲಿತಾ ಅವರ ಮೊಕದ್ದಮೆಯನ್ನು 2003ರಲ್ಲಿ ಸುಪ್ರೀಂ ಕೋರ್ಟು ಚೆನ್ನೈನಿಂದ ಬೆಂಗಳೂರಿಗೆ ವರ್ಗಾಯಿಸಿತು. ಕೆಳಗಿನ ನ್ಯಾಯಾಲಯದ ತೀರ್ಪು ಬಂದದ್ದು 2014ರ ಸೆಪ್ಟೆಂಬರ್ 27ರಂದು. ಅಧಿಕಾರದಲ್ಲಿರುವವರನ್ನು ಅವರದೇ ರಾಜ್ಯದಲ್ಲಿ ವಿಚಾರಿಸುವುದು ಕಷ್ಟವೆಂಬ ಕಾರಣ ಸರಿಯಾದದ್ದೇ. ಲೈಬೀರಿಯದ ಮಾಜಿ ಅಧ್ಯಕ್ಷ ಚಾರ್ಲ್ಸ್ ಟೇಲರನ ವಿಚಾರಣೆಯನ್ನು ಸಿಯೆರ‍್ರಾ ಲಿಯೋನಿನ ವಿಶೇಷ ನ್ಯಾಯಾಲಯ ತನ್ನ ಫ್ರೀಟೌನಿನಿಂದ ಹೇಗ್‌ಗೆ ಒಯ್ದದ್ದೂ ಇಂಥದೇ ಭಯದಿಂದ. ಆದರೆ ಗಮನಿಸಿ: ಆ ವಿಶೇಷ ನ್ಯಾಯಾಲಯ ತನ್ನ ಮಿಕ್ಕ ಮೊಕದ್ದಮೆಗಳನ್ನೆಲ್ಲ ಫ್ರೀಟೌನಿನಲ್ಲಿಯೇ, ಯುದ್ಧ ನಿಂತು ಹೆಚ್ಚು ಕಾಲವಾಗದ ಆ ನೆಲದಲ್ಲಿಯೇ, ನಡೆಸಿತು. ಊರಿನಲ್ಲಿ ಕೂರುವುದು ನಿಯಮ, ದೂರ ಹೋಗುವುದು ಅದಕ್ಕೆ ಅಪವಾದ. ಹೇಗ್‌ನಲ್ಲಿ ಇದು ತಲೆಕೆಳಗಾಗಿದೆ ಎಂಬುದೇ ನನ್ನ ದೂರು.

ಎರಡನೆಯ ಆಕ್ಷೇಪ ಖರ್ಚಿನದು. ಇದಕ್ಕೆ ಸೋದರಿ ಕಾಂಬೋಡಿಯದ ಲೆಕ್ಕ ಹೇಳಿದರು. ಖ್ಮೇರ್ ರೂಜ್ ನಾಯಕರನ್ನು ವಿಚಾರಿಸಲು 2006ರಿಂದ 2022ರವರೆಗೆ ನಡೆದ ಆ ನ್ಯಾಯಾಲಯಕ್ಕೆ ಮೂವತ್ತು ಕೋಟಿ ಡಾಲರಿಗೂ ಮಿಕ್ಕಿ ಖರ್ಚಾಯಿತು, ಶಿಕ್ಷೆಯಾದದ್ದು ಮೂವರಿಗೆ. ಲೆಕ್ಕ ಸರಿಯಾಗಿದೆ. ಆದರೆ ಅದೇ ನ್ಯಾಯಾಲಯ ನಾಮ್ ಪೆನ್ ನಗರದ ಹೊರವಲಯದಲ್ಲಿಯೇ ಕುಳಿತಿತ್ತು. ಸುಮಾರು ಐನೂರು ಮಂದಿ ಕೂರುವಷ್ಟು ದೊಡ್ಡ ಸಾರ್ವಜನಿಕ ಮೊಗಸಾಲೆ ಅದಕ್ಕಿತ್ತು. ಹಳ್ಳಿಗಳಿಂದ ಬಸ್ಸುಗಳಲ್ಲಿ ಜನ ಬಂದರು. ಸಾವಿರಾರು ಜನರನ್ನು ಕೊಂದ ಸೆರೆಮನೆಯ ಅಧಿಕಾರಿ ಗಾಜಿನ ಗೋಡೆಯ ಆಚೆ ಎದ್ದು ನಿಂತು ಉತ್ತರ ಹೇಳುವುದನ್ನು ಕೇಳಿ, ಸಂಜೆ ತಮ್ಮ ಊರಿಗೆ ಹಿಂದಿರುಗಿ, ಮಕ್ಕಳಿಗೆ ಹೇಳಿದರು. ಇದಕ್ಕೆ ಬೆಲೆ ಕಟ್ಟುವ ವಿದ್ಯೆ ನನ್ನಲ್ಲಿಲ್ಲ. ನಮ್ಮ ಅರ್ಥಶಾಸ್ತ್ರದ ಗುರುಗಳು ಬೇಕಾದರೆ ಕಟ್ಟಲಿ. ನನ್ನ ತಿಳಿವಳಿಕೆಗೆ ಬರುವುದು ಇಷ್ಟೇ: ಪ್ರಯಾಣದ ಖರ್ಚು ಯಾರಾದರೂ ಕೊಡಲೇಬೇಕು. ನ್ಯಾಯಾಲಯ ಕೊಡದಿದ್ದರೆ ತಾತ ಕೊಡುತ್ತಾರೆ.

ನ್ಯಾಯಾಧೀಶರು ಎಲ್ಲಿ ಕುಳಿತರೂ ಯಾರು ಕುಳಿತರೆಂಬುದೂ ಮುಖ್ಯವಲ್ಲವೇ ಎಂದು ಗೆಳತಿಯೊಬ್ಬಳು ಕೇಳಿದಳು. ಹೌದು. ರುವಾಂಡದ ನರಮೇಧವನ್ನು ವಿಚಾರಿಸಿದ ನ್ಯಾಯಾಲಯ ನೆರೆಯ ಟಾಂಜಾನಿಯದ ಅರುಷಾದಲ್ಲಿತ್ತು. ಅಲ್ಲಿಗೆ ಟಾಬಾ ಎಂಬ ಊರಿನ ಹೆಂಗಸರು ಬಂದು ಸಾಕ್ಷಿ ಹೇಳಿದರು. 1998ರ ಸೆಪ್ಟೆಂಬರ್ 2ರ ತೀರ್ಪಿನಲ್ಲಿ ಅತ್ಯಾಚಾರವೂ ನರಮೇಧದ ಸಾಧನವಾಗಬಲ್ಲುದೆಂದು ಮೊದಲ ಬಾರಿಗೆ ಒಂದು ಅಂತರರಾಷ್ಟ್ರೀಯ ನ್ಯಾಯಾಲಯ ಹೇಳಿತು. ಆ ಪೀಠದಲ್ಲಿದ್ದ ಮೂವರಲ್ಲಿ ಒಬ್ಬರೇ ಮಹಿಳೆ, ನವನೀತಂ ಪಿಳ್ಳೈ. ದಕ್ಷಿಣ ಆಫ್ರಿಕದ ಡರ್ಬನ್ನಿನಲ್ಲಿ ತಮಿಳು ಮನೆತನದಲ್ಲಿ ಹುಟ್ಟಿದವರು, ಬಸ್ ಚಾಲಕರ ಮಗಳು. ಆರ್ಕಾಡಿನ ಕಡೆಯಿಂದ ಗಣಿಗೆ ಬಂದವರ ಮೊಮ್ಮಕ್ಕಳಾದ ನಾವು, ಅದೇ ಸೀಮೆಗಳಿಂದ ಕೂಲಿಗಳು ಕಬ್ಬಿನ ತೋಟಗಳಿಗೆ ಹಡಗು ಹತ್ತಿದ ಕಥೆಯನ್ನು ಬಲ್ಲೆವು. ಆ ಹೆಂಗಸರ ಮಾತು ಕೇಳಲು ಅಂಥವರೊಬ್ಬರು ಎದುರಿಗೆ ಕುಳಿತಿದ್ದರು ಎಂಬುದು ಸಣ್ಣ ಸಂಗತಿಯಲ್ಲ.

ನಾನು ಕೇಳುವುದು ಹೆಚ್ಚೇನೂ ಇಲ್ಲ. ವರ್ಷಗಟ್ಟಲೆ ನಡೆಯುವ ಮೊಕದ್ದಮೆಯನ್ನೆಲ್ಲ ಯುದ್ಧಭೂಮಿಗೆ ಎತ್ತಿಕೊಂಡು ಹೋಗಿರೆಂದಲ್ಲ. ಆಪಾದನೆ ಓದುವ ದಿನ, ಹೆದರಿಕೆಯಿಲ್ಲದೆ ಊರಿನಲ್ಲಿಯೇ ಮಾತಾಡಲು ಮುಂದೆ ಬರುವ ಸಾಕ್ಷಿಗಳ ದಿನ, ತೀರ್ಪು ಓದುವ ದಿನ, ಇಷ್ಟು ದಿನಗಳಾದರೂ ನ್ಯಾಯಾಧೀಶರು ಆ ದೇಶದಲ್ಲಿ ಕುಳಿತುಕೊಳ್ಳಲಿ. ಹೋಗದಿರುವುದಕ್ಕೆ ಕಾರಣ ಹೇಳಬೇಕಾಗಲಿ. ಹೋಗುವುದಕ್ಕೆ ಕಾರಣ ಹೇಳಬೇಕಾಗುವ ಈಗಿನ ಪದ್ಧತಿ ತಿರುಗಲಿ. ನಾವು ಸದಸ್ಯರಲ್ಲದ ನ್ಯಾಯಾಲಯಕ್ಕೆ ಬುದ್ಧಿ ಹೇಳಲು ನಮಗೇನು ಅಧಿಕಾರವೆಂದರೆ, ಇದೇ ಮಾತನ್ನು ನಮ್ಮವರಿಗೂ ಹೇಳುತ್ತೇನೆ. ಉತ್ತರ ಕರ್ನಾಟಕದವರು ಎಷ್ಟೋ ಕಾಲ ಹೋರಾಡಿದ ಮೇಲೆ 2008ರ ಜುಲೈನಲ್ಲಿ ಧಾರವಾಡಕ್ಕೂ ಗುಲ್ಬರ್ಗಕ್ಕೂ ಹೈಕೋರ್ಟಿನ ಸಂಚಾರಿ ಪೀಠಗಳು ಬಂದವು. 2013ರಲ್ಲಿ ಖಾಯಂ ಆದವು. ಬೀದರಿನ ರೈತ ಅಪೀಲಿಗಾಗಿ ಬೆಂಗಳೂರಿನವರೆಗೆ ಬರುತ್ತಿದ್ದ ದಿನಗಳನ್ನು ನೆನೆದರೆ ಇದೇನು ಸಾಮಾನ್ಯವೇ? ಸೆಷನ್ಸ್ ನ್ಯಾಯಾಲಯವು, ಕಕ್ಷಿಗಳಿಗೂ ಸಾಕ್ಷಿಗಳಿಗೂ ಅನುಕೂಲವೆಂದು ಕಂಡರೆ, ಎರಡು ಕಡೆಯವರ ಒಪ್ಪಿಗೆಯಿಂದ ತನ್ನ ವಿಭಾಗದೊಳಗೆ ಬೇರೆ ಸ್ಥಳದಲ್ಲಿ ಕುಳಿತು ವಿಚಾರಿಸಬಹುದೆಂದು ಹಳೆಯ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯಲ್ಲಿಯೂ ಇತ್ತು, 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಂಹಿತೆಯಲ್ಲಿಯೂ ಇದೆ. ಆ ಅವಕಾಶ ಪುಸ್ತಕದಲ್ಲಿಯೇ ಮಲಗಿರಬೇಕೆ?

ನಮ್ಮ ಕೆ.ಜಿ.ಎಫ್.ನಲ್ಲಿಯೂ ಈಗ ಅಪರ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಲಯವೊಂದು ನಡೆಯುತ್ತದೆ. ಅದರ ಹೆಸರಿನಲ್ಲಿ ಕೋಲಾರವೆಂದು ಬರೆದು, ಪಕ್ಕದಲ್ಲಿ, ಕುಳಿತುಕೊಳ್ಳುವುದು ಕೆ.ಜಿ.ಎಫ್.ನಲ್ಲಿ ಎಂದು ಸೇರಿಸಿರುತ್ತಾರೆ. ಚರ್ಚಾಸ್ಪರ್ಧೆ ಮುಗಿದ ವಾರ ತಾತನನ್ನು ಕರೆದುಕೊಂಡು ನಾನು ಅಲ್ಲಿಗೆ ಹೋದೆ. ತೆರೆದ ನ್ಯಾಯಾಲಯ, ಯಾರು ಬೇಕಾದರೂ ಕೂರಬಹುದು. ಹಿಂದಿನ ಬೆಂಚಿನಲ್ಲಿ ಕುಳಿತೆವು. ಸಾಕ್ಷಿಯೊಬ್ಬರು ರಸ್ತೆಯೊಂದರ ಹೆಸರು ಹೇಳಿದರು. ಮುಂದೆ ಕುಳಿತಿದ್ದ ವಕೀಲರು, ಗುಮಾಸ್ತರು, ಬಾಗಿಲಲ್ಲಿ ನಿಂತಿದ್ದ ಪೊಲೀಸಿನವನು, ಎಲ್ಲರೂ ಹೌದೆಂಬಂತೆ ತಲೆಯಾಡಿಸಿದರು. ತಾತ ನನ್ನ ಕಡೆ ಬಗ್ಗಿ, "ಇವರಿಗೆಲ್ಲ ಆ ದಾರಿ ಗೊತ್ತು ಕಣೋ" ಎಂದರು. ಹೊರಗೆ ಬಂದ ಮೇಲೆ ನೇರವಾಗಿ ಮನೆಗೆ ಹೋಗಲು ಅವರು ಒಪ್ಪಲಿಲ್ಲ. ಸೈನೈಡ್ ಗುಡ್ಡದ ಬುಡದ ತಿರುವಿನವರೆಗೆ ನನ್ನನ್ನು ನಡೆಸಿಕೊಂಡು ಹೋಗಿ, ಅಂದು ತಾವು ನಿಂತಿದ್ದ ಜಾಗದಲ್ಲಿ ನನ್ನನ್ನು ನಿಲ್ಲಿಸಿ, ತಾವು ರಸ್ತೆಯ ಆಚೆಗೆ ಹೋಗಿ ನಿಂತು, "ಕಾಣ್ತೀನಾ?" ಎಂದು ಕೂಗಿದರು. ಚೆನ್ನಾಗಿಯೇ ಕಾಣುತ್ತಿದ್ದರು.